ಎಚ್ ಖಾನೆ

ಜುಲೈ ಆರು ಕೊನೆಯ ದಿನ.
ಇವತ್ತು ಎರಡು. ಇನ್ನೂ ಹದಿನೇಳು ಜನರ ಫಾರಂ ಬಾಕಿ.
ಶಿಡ್ಲಘಟ್ಟದಲ್ಲಿ, ಗೂಡಿನ ಮಾರುಕಟ್ಟೆಯ ಹಿಂದುಗಡೆ,
ನೂಲಿನ ಅಂಗಡಿಯ ಮಹಡಿಯಲ್ಲಿ ಕೂತು
ಲೀಡ್ಸ್ ಎಂಬ ಊರಿನ ಟೈಲ್ಸ್ ಕಂಪನಿಗೆ
ಲೆಕ್ಕ ಬರೆಯುತ್ತೇನೆ ನಾನು:
ಸಂಬಳದ ಹೊರಗೆ ಯಾರಿಗೆ ಏನು ಸಿಕ್ಕಿತು, ಅಷ್ಟೆ.

ಕಿಟಕಿ ತೆಗೆದರೆ ಬೇಯುವ ಗೂಡಿನ ವಾಸನೆ.
ಫರ್ಹಾನಳಿಗೆ ತಲೆನೋವು, ಮುಚ್ಚು ಅನ್ನುತ್ತಾಳೆ.
ನನಗದು ಅಮ್ಮನ ಸೆರಗಿನ ವಾಸನೆ. ಮುಚ್ಚುವುದಿಲ್ಲ.

ಹಾಲ್ರಾಯ್ಡ್ ಸಾಹೇಬರಿಗೆ ಕಾರು.
ಅದರ ಪಟ್ಟಿ ಬೆಲೆ, ಅದು ಉಗುಳುವ ಹೊಗೆ ಗ್ರಾಂ ಲೆಕ್ಕದಲ್ಲಿ,
ಹೊಗೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚು.
ನಮ್ಮೂರ ಒಲೆಗಳಿಗೆ ಈ ಕಾಯಿದೆ ಬಂದರೆ
ಬೀದಿಗೆ ಬೀದಿಯೇ ಜಪ್ತಿ.

ಸೇಲ್ಸಿನ ಗೆಮ್ಮಾಗೆ ಆರೋಗ್ಯ ವಿಮೆ, ಹಲ್ಲೂ ಸೇರಿ.
ವರ್ಷವಿಡೀ ಅವಳಿಗೊಂದು ನೆಗಡಿ ಬರದಿದ್ದರೂ
ಕಂಪನಿ ಕಟ್ಟಿದ ಕಂತು ಅವಳ ಸವಲತ್ತು.
ಕೊಟ್ಟದ್ದಕ್ಕೆ ಕೊಟ್ಟವರೂ ಕಟ್ಟಬೇಕು, ಅದು ಬೇರೆ ಖಾತೆ.
ಹುಟ್ಟುಹಬ್ಬದ ಹೂಗುಚ್ಛ ಐವತ್ತು ಪೌಂಡಿನೊಳಗೆ, ಬಿಟ್ಟುಬಿಡಬಹುದು,
ಆದರೆ ಅದು ದುಡಿಮೆಗೆ ಕೊಟ್ಟ ಬಹುಮಾನ ಆಗಿರಬಾರದು,
ಸುಮ್ಮನೆ ಕೊಟ್ಟಿರಬೇಕು.
ಆ ಸಾಲು ಮೊದಲ ಸಲ ಓದಿದಾಗ
ಫರ್ಹಾನ ನಕ್ಕಿದ್ದಳು:
‘ಸುಮ್ನೆ ಯಾರು ಕೊಡ್ತಾರೆ ಗಂಗರತ್ನ?’

ಕೆಲಸಕ್ಕೆ ಬೇಕಾದ ಕೈಗವಸು ಸವಲತ್ತಲ್ಲ, ಬರೆಯಬೇಡಿ
ಎನ್ನುತ್ತದೆ ಕೈಪಿಡಿ.
ಅಮ್ಮನ ವಿಷಯದಲ್ಲಿ
ಬರೆಯುವ ಪ್ರಮೇಯವೇ ಬರಲಿಲ್ಲ.

ಈಗ ಎಚ್ ಖಾನೆ. ಬಡ್ಡಿಯಿಲ್ಲದ ಸಾಲ.
ಗೋದಾಮಿನ ಟ್ರೆವರ್‌ಗೆ ಹನ್ನೆರಡು ಸಾವಿರ ಪೌಂಡು,
ಸೋರುವ ಸೂರಿನ ರಿಪೇರಿಗೆ.
ಅವನು ಕಟ್ಟದ ಬಡ್ಡಿಯೇ ಅವನಿಗಾದ ಲಾಭ:
ಹೋದ ಏಪ್ರಿಲಿನ ಬಾಕಿ, ಈ ಏಪ್ರಿಲಿನ ಬಾಕಿ,
ಕೂಡಿ ಅರ್ಧ ಮಾಡು, ಸರ್ಕಾರ ಹೇಳಿದ ದರಕ್ಕೆ ಗುಣಿಸು.

ಅಮ್ಮನಿಗೂ ಇತ್ತು ಬಡ್ಡಿಯಿಲ್ಲದ ಸಾಲ.
ಮೂವತ್ತು ಸಾವಿರ. ಅಣ್ಣನ ಹೊಟ್ಟೆಯ ಆಪರೇಷನ್ನಿಗೆ.
‘ಬಡ್ಡಿ ಎಂಥದು ಪಿಳ್ಳಮ್ಮ, ನೀನು ಮನೆಯವಳು’
ಎಂದಿದ್ದರು ರೀಲಿಂಗಿನ ಯಜಮಾನರು. ಒಳ್ಳೆಯವರೇ.
ಯುಗಾದಿಗೆ ಸೀರೆ, ಸಂಜೆಗೊಂದು ಬನ್ನು, ಟೀ.
ಸಾಲ ತೀರುವವರೆಗೆ
ಇನ್ನೊಬ್ಬರ ಚರಕ ಮುಟ್ಟುವಂತಿಲ್ಲ, ಅಷ್ಟೆ.
ಪಕ್ಕದ ಬೀದಿಯಲ್ಲಿ ದಿನಕ್ಕೆ ಇಪ್ಪತ್ತು ರೂಪಾಯಿ ಹೆಚ್ಚಿತ್ತು.
ಹನ್ನೊಂದು ವರ್ಷ ನೋಡಿಕೊಂಡೇ ಹೋದಳು ಆ ಬೀದಿಯನ್ನು.

ಖಾಲಿ ಹಾಳೆಯೊಂದನ್ನು ತೆರೆದು ಹಾಕಿದೆ:
ಇಪ್ಪತ್ತು, ಮುನ್ನೂರು ದಿನ, ಹನ್ನೊಂದು.
ಅರವತ್ತಾರು ಸಾವಿರ.
ಕೊನೆಯ ಏಪ್ರಿಲಿಗೆ ಉಳಿದ ಬಾಕಿ:
ಮೂವತ್ತು ಸಾವಿರ.
ಸೇವ್ ಮಾಡಲೇ ಎಂದು ಕೇಳಿತು. ಬೇಡವೆಂದೆ.

ಒಂದೂವರೆಗೆ ಅಮ್ಮ ಬಂದಳು, ಬುತ್ತಿ ತಂದು.
ರೇಷನ್ ಅಂಗಡಿಯ ಮಷೀನು ಇವತ್ತೂ
ಅವಳ ಬೆರಳನ್ನು ಒಪ್ಪಲಿಲ್ಲವಂತೆ,
ಕುದಿನೀರು ತಿಂದ ಬೆರಳಲ್ಲಿ ಗೆರೆ ಎಲ್ಲಿಯದು,
ನಾಳೆ ನಾನೇ ಹೋಗಬೇಕು.
‘ಏನು ಬರೀತಿದೀಯ?’
ಟ್ರೆವರ್ ಎಂಬುವನ ಸಾಲದ ಲೆಕ್ಕ ಅಂದೆ.
ಮುದ್ದೆ ಮುರಿಯುತ್ತಿದ್ದವಳು ನಿಲ್ಲಿಸಿ
‘ಪಾಪ, ಅವನೂ ಅಡ್ವಾನ್ಸು ತಗೊಂಡವನಾ?
ಬಿಡ್ತಾರಾ ಅವನ್ನ?’

ಬೇಕಾದಾಗ ಹೋಗಬಹುದಮ್ಮ,
ಒಂದು ಕಾಗದ ಬರೆದು ಕೊಟ್ಟರಾಯ್ತು,
ಸಾಲ ಬೇರೆ, ಕೆಲಸ ಬೇರೆ.
ಅವಳು ನಂಬಿದ ಹಾಗೆ ಕಾಣಲಿಲ್ಲ.
‘ಇದರಲ್ಲಿ ಯಾವುದು ಅವನ ಹೆಸರು?’
ತೋರಿಸಿದೆ.
ಸೆರಗಿಗೆ ಕೈ ಒರೆಸಿಕೊಂಡು
ಪರದೆಯ ಮೇಲೆ ಆ ಆರು ಅಕ್ಷರಗಳನ್ನು
ಎಡದಿಂದ ಬಲಕ್ಕೆ ಒಂದು ಸಲ ಮುಟ್ಟಿದಳು.

ಗುರುತೇನೂ ಬೀಳಲಿಲ್ಲ.
ಇನ್ನು ಹದಿನಾಲ್ಕು ಫಾರಂ.