ಗುಡಿಸುವವನ ಪಂಚಾಂಗ

ಮೇಡಂ ಬಳಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇದೆ.
ನನ್ನದು ನೆಲದ ಮೇಲೆ.
ಮೂರೂಕಾಲಿಗೆ ಮಕ್ಕಳೆಲ್ಲ ಹೋಗಿ
ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿ ಕೂತ ಮೇಲೆ
ಪೊರಕೆ ಹಿಡಿದು ಓದುತ್ತೇನೆ,
ಈಗ ಯಾವ ತಿಂಗಳು ಅಂತ.

ಸೆಪ್ಟೆಂಬರ್ ಅಂದರೆ ಮರಳು.
ರಜೆಯ ಕಡಲತೀರ ಇನ್ನೂ ಬೂಟುಗಳಿಂದ ಉದುರುತ್ತದೆ.
ಎರಡನೇ ತರಗತಿಗೆ ಇಪ್ಪತ್ತಾರು ಮಕ್ಕಳು,
ಕೋಟು ಹಾಕಲು ಇಪ್ಪತ್ತೈದು ಗೂಟ.
ಮೆರಿನ್‌ಗೂ ಲೊವೆನಾಗೂ ಹೊಯ್‌ಕೈ ಆಗಿ
ಇನ್ನೊಂದು ಗೂಟ ನಾನೇ ಹೊಡೆದೆ.
ಸ್ವಲ್ಪ ಓರೆಯಾಯಿತು.
ಈಗ ಇಬ್ಬರಿಗೂ ಓರೆಗೂಟವೇ ಬೇಕು.

ಈ ಕಾರ್ನ್‌ವಾಲ್ ತುದಿಯಲ್ಲಿ ಸುಗ್ಗಿ ಅಂದರೆ
ಗದ್ದೆಯಲ್ಲ, ಬಂದರು.
ಶಾಲೆಯ ಹಜಾರದಲ್ಲಿ ಬಲೆ ಹರಡಿ
ಅದರ ಮೇಲೆ ಬಂಗುಡೆ, ಏಡಿ, ಒಂದು ಕುಂಬಳಕಾಯಿ,
ಯಾರದೋ ಅಜ್ಜಿ ಕಳಿಸಿದ ಹುರುಳಿಕಾಯಿ ಡಬ್ಬಿ.
ಪಾದ್ರಿಯಮ್ಮ ಪ್ರಾರ್ಥಿಸುವಾಗ ಏಡಿ ಕಾಲಾಡಿಸಿತು.
ಆಮೇಲೆ ಯಾರು ತಾನೇ ಕಣ್ಣು ಮುಚ್ಚುತ್ತಾರೆ!
ಒಂದು ವಾರ ಆ ನೆಲದಲ್ಲಿ ಮೀನಿನ ಹುರುಪೆ ಕೆರೆದೆ;
ಒಂದೆರಡು ಇನ್ನೂ ಇವೆ, ಬೆಳಕು ಬಿದ್ದರೆ ಕಾಣುತ್ತವೆ.

ಅಕ್ಟೋಬರಿನಲ್ಲಿ ಹಲಗೆಯ ಮೇಲೆ ಒಂದು ಪದ: ಆಟಮ್.
ಕೊನೆಗೊಂದು ‘ಎನ್’ ಇದೆಯಂತೆ,
ಬರೆಯಬೇಕು, ಬಾಯಿಬಿಟ್ಟು ಹೇಳಬಾರದು.
ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದೆ.
ಜೋರಿ ನನ್ನ ಕಡೆ ತಿರುಗಿ ಕೇಳಿದ:
‘ಮತ್ತೆ ಅದು ಅಲ್ಲೇನ್ ಮಾಡ್ತಿದೆ?’
ಹುಡುಗ ಶಾಲೆಯಲ್ಲಿ ಬಾಯಿ ಬಿಟ್ಟದ್ದು
ಆ ವರ್ಷ ಅದೇ ಮೊದಲು ಅಂತ ನನಗೇನು ಗೊತ್ತು.
‘ಹೊರಗೆ ಚಳಿಯಲ್ವಾ, ಒಳಗೆ ಬಂದು ನಿಂತಿರಬೇಕು’ ಅಂದೆ.
ತಲೆಯಾಡಿಸಿದ. ಬರೆದುಕೊಂಡ.
ಮಿಸ್ ನ್ಯಾಂಕಿವೆಲ್ ಸೀಮೆಸುಣ್ಣ ಹಿಡಿದು
ಸುಮ್ಮನೆ ನಿಂತಿದ್ದರು.

ತಿಂಗಳ ಕೊನೆಗೆ ಅಲನ್ ಸೇಬು.
ನನ್ನಜ್ಜಿಯ ಕಾಲದ ಹಾಗೇ:
ಕೆಂಪನೆಯದು, ಕನ್ನಡಿಯಂತೆ ಉಜ್ಜಿದ್ದು, ತಲೆಗೊಂದು.
ದಿಂಬಿನಡಿ ಇಟ್ಟರೆ ಒಳ್ಳೆಯ ಕನಸು.
ಅರ್ಧ ಸೇಬು ದಿಂಬು ಕಾಣಲೇ ಇಲ್ಲ,
ಕಚ್ಚಿದ ದಿಂಡುಗಳು ರೇಡಿಯೇಟರ್ ಹಿಂದೆ ಸಿಕ್ಕವು.

ಆಮೇಲೆ ಲಂಡನ್ನಿಗೆ ಬೆಂಕಿ ಬಿತ್ತು.
ಮೂರು ವಾರ ರಟ್ಟಿನಲ್ಲಿ ಕಟ್ಟಿದ ಊರು,
ಅಂಗಳದಲ್ಲಿ ಸಾಲಾಗಿ ಮನೆಗಳು,
ನಾನು ಬಕೆಟ್ ಹಿಡಿದ ಅಗ್ನಿಶಾಮಕ ದಳ.
ಬೇಕರಿ ಬೀದಿಯಿಂದ ನದಿಯವರೆಗೆ ನಾಲ್ಕೇ ನಿಮಿಷ.
ಹೋ ಎಂದು ಕೂಗಲು ಬಂದವರು ಉಸಿರೂ ಬಿಡಲಿಲ್ಲ.
ಪೀರನ್ ಬಿಕ್ಕಿದ:
ಅವನ ಮನೆಯ ಕಿಟಕಿಯಲ್ಲಿ ಬೆಕ್ಕೊಂದನ್ನು ಬರೆದಿದ್ದನಂತೆ.
‘ಅದು ಮೊದಲೇ ಹಾರಿ ಓಡಿತು, ನಾನು ಕಣ್ಣಾರೆ ಕಂಡೆ.’
ಸುಳ್ಳು. ದಯವಿಟ್ಟು ಹೆಡ್‌ಮಿಸ್ಟ್ರೆಸ್‌ಗೆ ಹೇಳಬೇಡಿ.

ನವೆಂಬರಿನಲ್ಲಿ ಕೆಂಪು ಕಾಗದದ ಚೂರು,
ಗಸಗಸೆ ಹೂ ಕತ್ತರಿಸಿ ಉಳಿದದ್ದು.
ಎರಡು ನಿಮಿಷ ಎಲ್ಲರೂ ಎದ್ದು ನಿಂತಾಗ
ಕೇಳಿಸಿದ್ದು ಗಡಿಯಾರ, ಕಡಲಹಕ್ಕಿ,
ಯಾರದೋ ಹೊಟ್ಟೆಯ ಗೊರಗೊರ.

ಡಿಸೆಂಬರಿನ ಮಿನುಗುಪುಡಿಯ ಬಗ್ಗೆ ಮಾತೇ ಬೇಡ.
ಅದು ಜುಲೈಗೂ ಹೋಗುವುದಿಲ್ಲ;
ನನ್ನ ಹುಬ್ಬಿನಲ್ಲಿ ಕಂಡು ಹೆಂಡತಿ
‘ಯಾರವಳು?’ ಅಂತ ನಗುತ್ತಾಳೆ.
ನಾಟಕದ ದಿನ ಹುಲ್ಲು, ಹತ್ತಿ, ರಟ್ಟಿನ ರೆಕ್ಕೆ.
ಜೋರಿ ಎರಡನೇ ಕುರಿ. ಮಾತಿಲ್ಲ.
ಸಾಲಿನ ತುದಿಯಲ್ಲಿ ನಾಲ್ಕು ಕಾಲಲ್ಲಿ ನಿಂತಿದ್ದ.
ಮೇರಿಯಾದ ಕೆರೆನ್ಸಾ ಅಮ್ಮನಿಗೆ ಕೈಬೀಸಲು ಹೋಗಿ
ಕೂಸನ್ನೇ ಬೀಳಿಸಿದಳು.
ಗೊಂಬೆ ಉರುಳಿ ವೇದಿಕೆಯಂಚಿಗೆ ಬಂತು.
ಕುರಿಯ ಕೈಗಳಲ್ಲಿ ಕಾಲುಚೀಲದ ಗೊರಸು,
ಹಿಡಿಯಲು ಬೆರಳಿಲ್ಲ.
ಹುಡುಗ ಬಗ್ಗಿ, ಬಟ್ಟೆ ಕಚ್ಚಿ, ಎತ್ತಿ,
ನಿಧಾನವಾಗಿ ಹೋಗಿ ಗೋದಲಿಯಲ್ಲಿಟ್ಟ.
ಹಜಾರವೆಲ್ಲ ನಕ್ಕಿತು. ಅವನು ನಗಲಿಲ್ಲ.
ಕುರಿ ನಗುತ್ತದೆಯೇ?

ನಿನ್ನೆ ಕೊನೆಯ ಸಲ ಗುಡಿಸಿದೆ.
ನಾಲ್ಕಕ್ಕೇ ಕತ್ತಲು, ಬಂದರಿನ ದೀಪ ಹತ್ತಿದ್ದವು.
ಓರೆಗೂಟದ ಮೇಲೆ ಒಂದು ಬಿಳಿ ಗೊರಸು,
ಇನ್ನೂ ಒದ್ದೆ, ಒಣಗಲು ಹಾಕಿದಂತಿತ್ತು.
ಕಸಕ್ಕೆ ಹಾಕಲು ಕೈ ಚಾಚಿದವನು
ಬಿಟ್ಟುಬಂದೆ. ಜನವರಿಯವರೆಗೂ ಇರಲಿ.