ಮಲಗಿದ್ದ ದಿಕ್ಕು

ವಾಷಿಂಗ್ ಮಶೀನಿನೊಳಗೆ ಟಕಟಕ ಸದ್ದು.
ನಿಲ್ಲಿಸಿ ಕೈಹಾಕಿ ತಡಕಿದರೆ
ಮೌನೇಶನ ಚಡ್ಡಿಜೇಬಿನಲ್ಲಿ ಒಂದು ಬಿಳಿ ಕಲ್ಲು,
ನೆಲ್ಲಿಕಾಯಿಗಿಂತ ದೊಡ್ಡದು, ನಿಂಬೆಗಿಂತ ಚಿಕ್ಕದು.
"ಅಥೆನ್ಸಿಂದು" ಅಂದ,
ಬೀದಿ ಕೊನೆಯ ಅಂಗಡಿಯಿಂದ ತಂದವನ ಹಾಗೆ.

ಹತ್ತೊಂಬತ್ತು ವರ್ಷ ಪಿಯುಸಿ ಮಕ್ಕಳಿಗೆ
ಕರಿಹಲಗೆಯ ಮೇಲೆ ಆ ಊರು ಕಟ್ಟಿದವಳು ನಾನು.
ಸೀಮೆಸುಣ್ಣದಲ್ಲಿ ಮೂರು ಬಗೆಯ ಕಂಬ;
ಐದು ಅಂಕದ ಪ್ರಶ್ನೆ.
ಚೀಟಿ ಎತ್ತಿ, ಎರಡು ಬಳೆ ಅಡವಿಟ್ಟು,
ಗಂಡನಿಗೆ ರಜೆ ಸಿಗದೆ,
ಎರಡು ಮಕ್ಕಳ ಕೈಹಿಡಿದು ಕೊನೆಗೂ ಹೋದರೆ
ನಾನು ಹುಡುಕಿದ್ದು ಟಾಯ್ಲೆಟ್ಟು.
ಆಮೇಲೆ ನೆರಳು.
ಆಮೇಲೆ ಡಬ್ಬಿ ಬಿಚ್ಚಲು ಒಂದು ಕಟ್ಟೆ:
ರೂಮಿನಲ್ಲಿ ಬೇಯಿಸಿದ ಅನ್ನ, ಅಲ್ಲಿಯ ಗಟ್ಟಿ ಮೊಸರು,
ಹುಳಿಯೇ ಇಲ್ಲವೆಂದು ಹಂಸಿನಿ ಮುಖ ಸಿಂಡರಿಸಿದಳು.
ಗುಡ್ಡದ ಮೇಲೆ ಕಲ್ಲು ಸವೆದು ಗಾಜಾಗಿತ್ತು.
"ಜಾರುತ್ತೆ, ಜಾರುತ್ತೆ" ಅನ್ನುತ್ತ
ಅವರ ಚಪ್ಪಲಿಗಳನ್ನೇ ನೋಡುತ್ತ ಇಳಿದುಬಂದೆ.
ಕಂಬ ಎಷ್ಟಿದ್ದವು, ಕೇಳಬೇಡಿ.
ಫೋನಿನಲ್ಲಿದೆ.

"ಕಳ್ಳತನ ಕಣೋ ಇದು!
ಒಂದು ಹರಳೂ ತರುವಂತಿಲ್ಲ ಅಲ್ಲಿಂದ."
"ಜೈಲು" ಅಂದಳು ಹಂಸಿನಿ, ತಣ್ಣಗೆ.
ಅವನು ಹಿತ್ತಿಲಿಗೆ ಓಡಿ
ತಾತನ ಬೆನ್ನ ಹಿಂದೆ ಅಡಗಿದ.

ನಾವು ಬಂದ ದಿನ ಮಾವ ಕೇಳಿದ್ದು ಒಂದೇ ಮಾತು,
"ನೀರು ಒಗ್ಗಿತಾ?"
ರಾಮಾನುಜ ರಸ್ತೆಯ ಈ ಹಿತ್ತಿಲಲ್ಲಿ
ಕೋಟೆ ಕಡೆಯ ಕರಿಕಲ್ಲು ಕಡೆಯುತ್ತ
ಹುಬ್ಬಿನ ತನಕ ಧೂಳಾದ ಮನುಷ್ಯ.
ಈಗ ಕನ್ನಡಕ ಹಾಕಿಕೊಂಡರು.
ಉಗುರಿನಿಂದ ಕೆರೆದರು, ನಾಲಿಗೆಗೆ ತಾಗಿಸಿದರು,
ಸಣ್ಣ ಉಳಿಯಿಂದ ತಟ್ಟಿ ಕಿವಿಗೊಟ್ಟರು.
"ಹೆಣ್ಣು ಕಲ್ಲು. ಗಂಟೆ ಸದ್ದಲ್ಲ, ತಾಳದ್ದು.
ವಿಗ್ರಹಕ್ಕಾಗಲ್ಲ, ಪೀಠಕ್ಕಾಯ್ತದೆ."
ಆಮೇಲೆ ಮೊಮ್ಮಗನ ಕಡೆ ತಿರುಗಿ,
ಮೇಸ್ತ್ರಿ ಇನ್ನೊಬ್ಬ ಮೇಸ್ತ್ರಿಯನ್ನು ಕೇಳುವ ಹಾಗೆ:
"ಎತ್ತುವಾಗ ಯಾವ ಮಗ್ಗುಲಾಗಿ ಮಲಗಿತ್ತು?"

ಆರು ವರ್ಷದವನು ಆ ಚಕ್ಕೆಧೂಳಿನಲ್ಲಿ
ಮಂಡಿ ಮಡಿಸಿ ಮಲಗಿ ತೋರಿಸಿದ.
"ಹೀಗೆ. ಮೊನೆ ಆ ಕಡೆ. ಹೊಟ್ಟೆ ಕೆಳಗೆ ಒದ್ದೆ.
ಪಕ್ಕದಲ್ಲಿ ಇರುವೆ ಗೂಡು.
ಒಂದೇ ಕಿವಿಯ ಬೆಕ್ಕು ಇದರ ಮೇಲೆ ಗದ್ದ ಇಟ್ಟಿತ್ತು,
ಅದು ಎದ್ದು ಹೋಗೋ ತನಕ ಕಾದೆ.
ಅಮ್ಮ ಆಗ ಬಾಟಲಿಗೆ ನೀರು ಹಿಡೀತಿದ್ದಳು.
ಸಮುದ್ರ ಕಾಣ್ತಿತ್ತು, ಒಂಚೂರು,
ಬಾಗಿಲ ಸಂದಿಯಷ್ಟು."

ಸಮುದ್ರ ಕಾಣುತ್ತಿತ್ತೇ?

ಸೋಮವಾರ ಹೆಡ್ ಪೋಸ್ಟಾಫೀಸಿಗೆ ಹೋದೆವು.
ಕೌಂಟರಿನಾಕೆ ಕೇಳಿದಳು, "ಒಳಗೇನು?"
"ಕಲ್ಲು."
"ವಿಗ್ರಹವಾ?"
"ಅಲ್ಲಮ್ಮ. ಬರೀ ಕಲ್ಲು."
"ಬೆಲೆ ಬರೀಬೇಕು. ಖಾಲಿ ಬಿಡಂಗಿಲ್ಲ."
ಸೊನ್ನೆ ಅಂದೆ.
ಕಂಪ್ಯೂಟರು ಸೊನ್ನೆ ತಗೊಳ್ಳಲ್ಲ ಅಂದಳು.
ಹಿಂದೆ ರಾಖಿ ಕವರು ಹಿಡಿದ ಮುದುಕರೊಬ್ಬರು ಗೊಣಗಿದರು.
ಮಾವ ಬಗ್ಗಿ ಕಿಂಡಿಗೆ ಬಾಯಿಟ್ಟು,
"ಒಂದಾಳಿನ ಒಂದಿನದ ಕೂಲಿ ಬರಕೊಳ್ಳವ್ವ" ಅಂದರು,
"ಯಾರೋ ಒಬ್ಬ ಒಡೆದಿರ್ತಾನಲ್ಲ."

ಅಂಚೆ ಖರ್ಚು ಅದರ ಮೂರರಷ್ಟಾಯಿತು.
ಪೆಟ್ಟಿಗೆಯ ಮೇಲೆ ಮೌನೇಶ ಸ್ಕೆಚ್ ಪೆನ್ನಿನಲ್ಲಿ
ಬಾಣ ಬರೆದಿದ್ದ, ಮೊನೆ ಯಾವ ಕಡೆ ಅಂತ.
ತಲುಪಿತೋ ಇಲ್ಲವೋ, ಕಾಗದ ಬಂದಿಲ್ಲ.

ಈ ಸಲವೂ ಅದೇ ಪಾಠ, ಅದೇ ಮೂರು ಕಂಬ.
ಬರೆದು ಮುಗಿಸಿ, ಕೆಳಗೆ ಎಡಕ್ಕೆ
ನೀಲಿ ಸೀಮೆಸುಣ್ಣ ಅಡ್ಡ ಹಿಡಿದು
ಬಾಗಿಲ ಸಂದಿಯಷ್ಟು ತಿಕ್ಕಿದೆ.
ಹಿಂದಿನ ಬೆಂಚಿನಿಂದ ಒಬ್ಬ,
"ಅದೇನು ಮಿಸ್? ಪರೀಕ್ಷೆಗೆ ಬರುತ್ತಾ?"
"ಬರಲ್ಲ" ಅಂದೆ.
"ಬರ್ಕೊಳ್ಳಿ."