ಆವಕ ಸಂಖ್ಯೆ ೧೧೮೭

ಹಾಜರಿ ಪುಸ್ತಕದ ಪ್ರಕಾರ
ನಾ ಇರೂದು ಸವಣೂರು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಾಗ.
ಕೆಂಪು ಬಟ್ಟಿ ಗಂಟು, ನುಸಿಗುಳಿಗಿ ವಾಸನಿ,
ನವಾಬರ ಕಾಲದ ಮೋಡಿ ಕಾಗದ.
ಅವನ್ನ ಓದಾಕ ಬರೂದಿಲ್ಲ ಯಾರಿಗೂ,
ಒಗಿಯಾಕೂ ಬರೂದಿಲ್ಲ.

ಖರೇ ಅಂದ್ರ, ಎರಡು ವರ್ಷದಿಂದ
ನಾ ಸಾಹೇಬರ ಹೆಬ್ಬೆರಳು.
ಬಾಯಿಮಾತಿನ ನಿಯೋಜನಿ. ಆದೇಶಿಲ್ಲ, ಕಡತಿಲ್ಲ.
ಅವರು ಏಳೂದಕ್ಕಿಂತ ಮೊದಲ ಅವರಾಗಿ ಏಳತೀನಿ,
‘ನನ್ನ ಪ್ರೀತಿಯ ಕ್ಷೇತ್ರದ ಬಂಧುಗಳೇ’ ಅಂತೀನಿ,
ಹುಟ್ಟಿದವರಿಗೆ ಹಾರೈಕಿ, ಸತ್ತವರಿಗೆ ಸಂತಾಪ.
ಒಮ್ಮೆ ಗಡಿಬಿಡಿಯೊಳಗ
ಮಾಜಿ ಮೆಂಬರೊಬ್ಬರ ಸಾವಿಗೆ ಕೇಕಿನ ಚಿತ್ರ ಹಾಕಿದ್ದೆ.
ನಾಲ್ಕು ನಿಮಿಷದಾಗ ಅಳಿಸಿದೆ.
ಅಳಸೂದು ಎಷ್ಟು ಸಲೀಸು ಅಂತ ಅವತ್ತs ಗೊತ್ತಾತು.

‘ಹದಿನೈದು ದಿನದಾಗ ಖಾಜಿ ಓಣಿಗೆ ನೀರು.’
ಸಾಹೇಬರ ಮಾತು, ನನ್ನ ಕಾಗುಣಿತ.
ಹದಿನಾರನೇ ದಿನ ಕೆಳಗ ಒಬ್ಬಾಕಿ ಬರದ್ಲು:
‘ದಿನಾ ಎಣಿಸೀನ್ರಿ. ಕೊಡಾನೂ ಎಣಿಸ್ರಿ.’
ಜೋಡಿಗೆ ಒಂದು ಫೋಟೋ:
ಹನ್ನೆರಡು ಕೊಡ, ಗ್ವಾಡಿ ಹಿಡದು ಕುಂತಾವ,
ಒಂಬತ್ತನೇದು ನೀಲಿ, ಕಂಠ ಸುಟ್ಟು ತ್ಯಾಪಿ ಹಾಕಿದ್ದು.

ಪಿಎ ಈರನಗೌಡರ ಫೋನ್ ಬಂತು: ‘ತಗಿಯೋ ಅದನ್ನ.’
ತಗದೆ.
ಆಮ್ಯಾಲ ಮಾತು ಕೊಟ್ಟದ್ದನ್ನೂ ತಗದೆ.
ಆಮ್ಯಾಲ ಆಕೀನ್ನs ಬಂದ್ ಮಾಡಿದೆ.
ಒಂದು ಸಪ್ಪಳ ಇಲ್ಲ. ಕಸಬರಗಿ ಆದ್ರೂ ಬರಬರ ಅಂತೈತಿ.

ಇಲ್ಲಿ ಒಂದು ಹಾಳಿ ನಾಶ ಮಾಡಬೇಕಂದ್ರ
ಅ ವರ್ಗೋ ಡ ವರ್ಗೋ ನೋಡಬೇಕು,
ಯಾದಿ ಮಾಡಬೇಕು, ತಹಶೀಲ್ದಾರರ ಸಹಿ ಆಗಬೇಕು,
ಸುಟ್ಟ ಬೂದಿಗೂ ಒಂದು ಪಂಚನಾಮಿ.

ನಿನ್ನೆ ಆವಕ ಟೇಬಲ್ಲಿನ ಸುಲೋಚನಾಬಾಯಿ ರಜಾ.
ಅವರ ಕುರ್ಚಿ ಮ್ಯಾಲ ನಾ.
ಕಿಟಕಿಯೊಳಗಿಂದ ಒಂದು ಕೈ ಬಂತು,
ಹತ್ತು ರೂಪಾಯಿ ಪೋಸ್ಟಲ್ ಆರ್ಡರ್,
ಮಗಳ ನೋಟಬುಕ್ಕಿಂದ ಹರದ ಹಾಳಿ, ಸಮಾಸ ಬಿಟ್ಟು ಬರದದ್ದು.
ಅರ್ಜಿದಾರರು: ದಾವಲಬಿ ಹತ್ತಿಮತ್ತೂರ, ಖಾಜಿ ಓಣಿ.

ನಾನು ಬರೆದದ್ದರ ದೃಢೀಕೃತ ನಕಲು ಕೊಡಬೇಕು.
ಅಳಿಸಲು ಹೊರಡಿಸಿದ ಆದೇಶದ ನಕಲು ಕೊಡಬೇಕು.
ಅಳಿಸಿದವರ ಹೆಸರು ಮತ್ತು ಹುದ್ದೆ ತಿಳಿಸಬೇಕು.

‘ಇದು ಯಾವ ಆಫೀಸಿಗೆ ಬರತೈತ್ರಿ?’
‘ಇಲ್ಲಿ ಅಲ್ಲವ್ವಾ’ ಅನ್ನೂದು ನಾಲಿಗಿ ತುದೀಗೆ ಬಂದಿತ್ತು.
ಸುಳ್ಳೂ ಅಲ್ಲ ಅದು.
ಆ ಖಾತೆ ಈ ಕಚೇರೀದಲ್ಲ, ಫೋನೂ ಅಲ್ಲ.
ಪಗಾರ ಅಷ್ಟs ಈ ಖಜಾನೀದು.
ನನ್ನ ಮಾರಿ ಆಕಿಗೆ ಗೊತ್ತಿಲ್ಲ.
ಆಕಿ ಮನಿ ಗ್ವಾಡಿ ಬಣ್ಣ ನನಗ ಗೊತ್ತು.
ಇನ್ನೊಂದು ಗಳಿಗಿ ಆಗಿದ್ರ ಕೇಳೇ ಬಿಡತಿದ್ದೆ:
ನೀಲಿ ಕೊಡ ಇನ್ನೂ ಸೋರತೈತೇನು?

ಕಿಟಕಿಗೆ ನಿಂತಾಕೀನ್ನ
ಬೆರಳಿಲೆ ಸರಿಸಾಕ ಆಗೂದಿಲ್ಲ.
ಆಕಿ ನಿಂತs ಇದ್ಲು,
ಸೆರಗಿಲೆ ಬೆವರು ಒರಸ್ಕೋತ, ಸ್ವೀಕೃತಿಗೆ.

ಸೀಲಿನ ಮಸಿ ಒಣಗಿತ್ತು. ಎರಡು ಸಲ ಗುದ್ದಿದೆ.
ಕಿಸೆದಾಗ ಫೋನ್ ನಡಗತಿತ್ತು, ನಡಗಲಿ ಅಂತ ಬಿಟ್ಟೆ.
ದಿನಾಂಕ ಹಾಕಿದೆ, ಹೆಸರು ಬರದೆ, ವಿಷಯ ಬರದೆ.
ಕಡೀ ಕಾಲಂ: ಯಾರಿಗೆ ವಹಿಸಲಾಗಿದೆ.

ಪೆನ್ನು ಇತ್ತು.
ನನ್ನ ಹೆಸರು ಬರದೆ, ಹುದ್ದೆನೂ ಬರದೆ,
ಪೆನ್ಸಿಲ್ಲಿನಾಗ.